ಫ್ರಿಡ್ಜಿಗೂ ಒಂದು ಸೋಮವಾರ

ಏಪ್ರಿಲ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಆರು ಗಂಟೆ. ಮನೆಯಲ್ಲಿದ್ದವರು ಮೂವರು: ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ಹಿಂದಿನ ಸಂಜೆಯ ಗಾಳಿಮಳೆಗೆ ನಮ್ಮೂರು ತಿಗನಾರೆಯ ಹೊರಗೆ ಕರೆಂಟು ಕಂಬವೊಂದು ಉರುಳಿತ್ತು. ನಾನು ಅಟ್ಟದಿಂದ ಹಳೆಯ ಮರಳಿನ ಮಡಕೆಯನ್ನು ಇಳಿಸಿ, ಮರಳಿಗೆ ನೀರು ಚಿಮುಕಿಸಿ, ನಡುವೆ ಕೂರಿಸಿದ ಕುಡಿಕೆಯಲ್ಲಿ ಅತ್ತೆಯ ಇನ್ಸುಲಿನ್ ಬಾಟಲಿಯನ್ನು ಇಟ್ಟೆ. ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಬಹಳ ದಿನ ಒಣಗಿದ್ದ ಮರಳು ನೀರು ಕುಡಿದಾಗ ಒಂದು ವಾಸನೆ ಬಿಡುತ್ತದೆ. ಮೊದಲ ಮಳೆಯ ವಾಸನೆಯಂತೆಯೇ, ಆದರೆ ಮನೆಯೊಳಗಿನದು. ಆ ವಾಸನೆಗೆ ಮೂರು ವರ್ಷ ಹಿಂದಿನ ಬೇಸಿಗೆ ಎದ್ದು ಬಂದು ಎದುರಿಗೆ ಕೂತಿತು.

ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಅತ್ತೆ, ಸದ್ದಿಲ್ಲದೆ ನಿಂತಿದ್ದ ಫ್ರಿಡ್ಜಿನ ಕಡೆ ಗದ್ದ ಎತ್ತಿ ತೋರಿಸಿದರು.

“ಇವತ್ತು ಅದ್ಕ ನಿಜವಾದ ಸ್ವಾಮಾರ ಕಣವ್ವ.”

ಸ್ವಾಮಾರ ಎಂದರೆ ಸೋಮವಾರ. ಅವರ ಮುಖದಲ್ಲಿ ಕೋರ್ಟಿನಲ್ಲಿ ವ್ಯಾಜ್ಯ ಗೆದ್ದವರ ತೃಪ್ತಿ ಇತ್ತು. ಯಾವ ವ್ಯಾಜ್ಯ ಎಂದು ಹೇಳಬೇಕಾದರೆ ಆ ಬೇಸಿಗೆಯನ್ನೇ ಹೇಳಬೇಕು.

ನಾನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಮಕ್ಕಳ ಲಸಿಕೆಯ ಫ್ರಿಡ್ಜು ನನ್ನ ಸುಪರ್ದಿಯಲ್ಲಿತ್ತು. ಅದಕ್ಕೆ ನಿಯಮಗಳಿದ್ದವು. ಗೋಡೆಗೆ ಅಂಟಿಸಿ ಇಡಕೂಡದು. ಕಾರಣವಿಲ್ಲದೆ ಬಾಗಿಲು ತೆಗೆಯಕೂಡದು. ಬೆಳಿಗ್ಗೆ ಸಂಜೆ ಉಷ್ಣಮಾಪಕ ನೋಡಲೇಬೇಕು. ಲಸಿಕೆ ಬಿಟ್ಟು ಬೇರೇನನ್ನೂ ಒಳಗಿಡಕೂಡದು. ಒಮ್ಮೆ ನಮ್ಮ ದೊಡ್ಡ ಡಾಕ್ಟರು ನಿಂಬೆ ಪಾನಕದ ಬಾಟಲಿಯೊಂದನ್ನು ಒಳಗಿಡಲು ಕಳಿಸಿದ್ದರು. ಹಾಗೆಯೇ ವಾಪಸು ಕಳಿಸಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ಪಾನಕವನ್ನು ಬಿಸಿಯಾಗಿಯೇ ಕುಡಿದರು.

ಮನೆಗೆ ಮಾತ್ರ ಫ್ರಿಡ್ಜು ಬೇಕೆನಿಸಿರಲಿಲ್ಲ. ಅತ್ತೆ ತಂಗಳು ಮುಟ್ಟುವವರಲ್ಲ. ಸ್ನಾನ, ಲಿಂಗಪೂಜೆ, ಆಮೇಲೆ ಬಿಸಿ ಮುದ್ದೆ. ಉಳಿದದ್ದು ದನಕ್ಕೆ. ಇದರಲ್ಲಿ ಫ್ರಿಡ್ಜಿಗೆ ಜಾಗವೆಲ್ಲಿ?

ಆ ವರ್ಷ ಮಾಗಿ ಕಳೆಯುವ ಹೊತ್ತಿಗೆ ಅತ್ತೆಯ ಬಲಗಾಲ ಹೆಬ್ಬೆರಳಿಗೆ ಜೋಳದ ಕೂಳೆ ಚುಚ್ಚಿತು. ಗಾಯ ಆರಲಿಲ್ಲ. ಚಾಮರಾಜನಗರದ ಡಾಕ್ಟರು ರಕ್ತ ನೋಡಿ, ಸಕ್ಕರೆ ಏರಿದೆ, ಇನ್ನು ಮೇಲೆ ದಿನವೂ ಎರಡು ಹೊತ್ತು ಇನ್ಸುಲಿನ್ ಎಂದರು. ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು: ಮಳೆ ಹಿಡಿಯುವಷ್ಟರಲ್ಲಿ ಗಾಯ ಮುಚ್ಚದಿದ್ದರೆ ಬೆರಳು ತೆಗೆಯಬೇಕಾದೀತು. ಪಿಸುಮಾತಿನಲ್ಲಿಯೇ ಹೇಳಿದರು. ಆದರೆ ನಮ್ಮ ಅತ್ತೆಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕು.

“ಎಬ್ಬೆಟ್ಟು ತಗದ್ರ ನಾ ಬದುವಿನ ಮ್ಯಾಲ ಎಂಗ ನಡಿಯಾದು?” ಎಂದು ಬಸ್ಸಿನಲ್ಲಿ ಕೇಳಿದರು.

ಮದುವೆಯಾಗಿ ಬಂದ ದಿನದಿಂದ ಅವರು ಬೆಳಗಾದರೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ ಬರುವವರು. ಹಂದಿ ನುಗ್ಗಿದೆಯೋ, ಜಿಂಕೆ ಮೇದಿದೆಯೋ, ಎಲ್ಲಿ ಮಣ್ಣು ಜರಿದಿದೆಯೋ ಎಲ್ಲ ಅವರ ಕಾಲಿಗೆ ಗೊತ್ತು. ಆ ಬದು ಒಂದು ಪಾದದಗಲ. ಹೆಬ್ಬೆರಳು ಒತ್ತಿ ಹಿಡಿಯದೆ ಅದರ ಮೇಲೆ ನಡೆಯಲಾಗದು. ನಾನು ಮನೆಗೆ ಬಂದವಳೇ ಮರಳಿನ ಮಡಕೆ ಹೂಡಿದೆ.

ಮಾರ್ಚ್ ತಿಂಗಳ ಬಿಸಿಲು ಏರಿದಂತೆ ಮಡಕೆಯ ಮೇಲೆ ನನಗೆ ನಂಬಿಕೆ ಇಳಿಯಿತು. ಫ್ರಿಡ್ಜು ಕೊಳ್ಳೋಣ ಎಂದೆ. ನಮ್ಮವರು ತಕ್ಷಣ ಹೂವಿನ ಚಿತ್ರವಿರುವ ಕೆಂಪು ಬಣ್ಣದ್ದನ್ನು ಮನಸ್ಸಿನಲ್ಲಿ ಆರಿಸಿಬಿಟ್ಟರು.

ಚಾಮರಾಜನಗರದ ಅಂಗಡಿಯವನು ಒಳ್ಳೆಯವನೇ. ತರಕಾರಿ ತಟ್ಟೆ ಎಳೆದು ತೋರಿಸಿದ, ಮೊಟ್ಟೆಯ ಗುಳಿ ತೋರಿಸಿದ. “ಐಸ್‌ಕ್ರೀಂ ಎಷ್ಟು ಬೇಕಾದ್ರೂ ಇಡಬೋದು ಮೇಡಂ” ಎಂದ.

“ಐಸ್‌ಕ್ರೀಂ ಬೇಡ. ಬಾಗಿಲಿನ ರಬ್ಬರು ತೋರಿಸಿ,” ಎಂದೆ.

ಒಂದು ಚೀಟಿಯನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ, ಎಳೆದು ನೋಡಿದೆ. ಸಲೀಸಾಗಿ ಬಂದರೆ ಆ ಫ್ರಿಡ್ಜು ಬೇಡ. ಕೆಂಪಿನದರಲ್ಲಿ ಬಂತು. ಮೂಲೆಯಲ್ಲಿದ್ದ ಬೂದು ಬಣ್ಣದ, ಒಂದೇ ಬಾಗಿಲಿನ ಫ್ರಿಡ್ಜಿನಲ್ಲಿ ಚೀಟಿ ಹರಿಯಿತೇ ಹೊರತು ಬರಲಿಲ್ಲ. ಅದನ್ನೇ ಕೊಂಡೆವು. ನಮ್ಮವರು ಕೆಂಪಿನದನ್ನು ಬಾಗಿಲವರೆಗೂ ತಿರುಗಿ ನೋಡುತ್ತಾ ಬಂದರು.

ಎಲೆಕೋಸು ಇಳಿಸಿ ಖಾಲಿ ಹಿಂದಿರುಗುತ್ತಿದ್ದ ನಮ್ಮೂರಿನ ಲಗೇಜ್ ಆಟೊದಲ್ಲಿ ಅದನ್ನು ತಂದೆವು. ಆಟೊದವನು “ಮಲಗಿಸ್ಬುಡನ ಅಕ್ಕ, ಆರಾಮಾಗಿ ಬತ್ತದ” ಎಂದ. ಮಲಗಿಸಕೂಡದು ಎಂದೆ. ನಮ್ಮವರು ಎತ್ತು ಕಟ್ಟುತ್ತಿದ್ದ ಹಳೆಯ ಹಗ್ಗ ತಂದಿದ್ದರು. ಅದರಿಂದ ಬಿಗಿದು, ಆಚೆ ಈಚೆ ಇಬ್ಬರೂ ಹಿಡಿದುಕೊಂಡು, ರಾಜ್ಯದ ಗಡಿ ದಾಟಿ ಊರಿಗೆ ಬಂದೆವು. ದಾರಿಯಲ್ಲಿ ಕಳೆ ಕಿತ್ತು ಬರುತ್ತಿದ್ದ ಸಿದ್ದಮ್ಮ, ನಮ್ಮ ಹೊಲಕ್ಕೂ ಕೂಲಿಗೆ ಬರುವವಳು, ನೋಡಿ ನಕ್ಕಳು.

“ಏನ್ ನರ್ಸಕ್ಕ, ಮದ್ವೆ ಗಂಡು ತಂದಂಗ ಇಡ್ಕೊಂಡು ಬತ್ತಾ ಇದ್ದರಿ!”

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. “ತಂಗ್ಳ ಪೆಟ್ಟಿ ಒಲೆ ತಾವ ಬ್ಯಾಡ” ಎಂದು ಒಂದೇ ಮಾತು. ಅಡುಗೆಮನೆಗೆ ಪ್ರವೇಶವಿಲ್ಲ ಎಂದಾಯಿತು. ಉಳಿದದ್ದು ಒಂದೇ ಜಾಗ.

ನಮ್ಮದು ಹಳೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ತಗ್ಗಿನ ಒಂದು ಅಂಕಣ; ಹಿಂದೆ ಅಲ್ಲಿಯೇ ಎತ್ತು ಕಟ್ಟುತ್ತಿದ್ದರು. ಬಲಕ್ಕೆ ಎತ್ತರದ ಒಳಜಗಲಿ. ಅಲ್ಲಿ ಅತ್ತೆ ಮಲಗುವುದು. ಐವತ್ತು ಅರವತ್ತು ವರ್ಷ ಅವರು ಎತ್ತುಗಳ ಉಸಿರು, ಕೊರಳ ಗಂಟೆ, ಮೆಲುಕಿನ ಸದ್ದು ಕೇಳಿಕೊಂಡೇ ನಿದ್ದೆ ಮಾಡಿದವರು. ನಮ್ಮವರ ಮಂಡಿ ಸೋತ ಮೇಲೆ ಕೊನೆಯ ಜೋಡಿಯನ್ನು ಗುಮಟಾಪುರದ ನೆಂಟರಿಗೆ ಕೊಟ್ಟೆವು. ಅಂಕಣಕ್ಕೆ ಸಿಮೆಂಟು ಹಾಕಿಸಿದೆವು. ಗೋಡೆಯ ಗೂಟ ಮಾತ್ರ ಹಾಗೆಯೇ ಇತ್ತು. ಆ ಗೂಟದ ಪಕ್ಕದಲ್ಲಿ, ಗೋಡೆಗೆ ಅಂಟದಂತೆ, ಫ್ರಿಡ್ಜು ನಿಂತಿತು.

ಮಾರನೆಯ ಬೆಳಿಗ್ಗೆ ಅತ್ತೆ ಹೇಳಿದರು: “ರಾತ್ರೆಲ್ಲ ಗುಂಯ್ ಅಂತಿತ್ತು. ವಸಿ ಒತ್ತು ಸುಮ್ಕಾಯ್ತದ, ತಿರ್ಗ ಗುಂಯ್ ಅಂತದ. ಏನ್ಲಾ ಅದ್ಕ ಸಂಕಟ?”

ನಮ್ಮವರು ಹಲ್ಲುಜ್ಜುತ್ತಲೇ “ಮೆಲುಕಾಕ್ತದ ಕಣವ್ವ” ಎಂದರು. ಆ ತಮಾಷೆ ನಮ್ಮ ತಲೆಯ ಮೇಲೆಯೇ ಬೀಳುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸೋಮವಾರ ಶಿವನ ವಾರ, ಬಸವನ ವಾರ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಸುಮ್ಮನೆ ನಿಲ್ಲಿಸುತ್ತೇವೆ. ಎತ್ತು ಹೋಗಿ ಬಾಡಿಗೆ ಟ್ರ್ಯಾಕ್ಟರು ಬಂದ ಮೇಲೂ ಅತ್ತೆ ಈ ಪದ್ಧತಿ ಬಿಡಲಿಲ್ಲ. ಒಂದು ಸಲ ಟ್ರ್ಯಾಕ್ಟರಿನವನು ಬಿಡುವು ಸಿಕ್ಕಿತೆಂದು ಸೋಮವಾರವೇ ಬಂದಿದ್ದ. ಅತ್ತೆ ಕೋಲು ಹಿಡಿದು ಹೊಲದ ಬಾಯಲ್ಲಿ ನಿಂತರು.

“ಅಜ್ಜಿ, ಇದು ಟ್ಯಾಕ್ಟ್ರು. ಬಸವ ಅಲ್ಲ,” ಎಂದ ಅವನು.

“ಓಡ್ಸಾ ನೀನು ಮನ್ಸ ತಾನೇ? ಓಗ್ ಮಲಿಕ ಓಗ್ಲಾ!”

ಅವನು ಹೋದ. ನಿಜವಾಗಿಯೂ ಮಲಗಿದನಂತೆ, ಆಮೇಲೆ ಅವನೇ ಹೇಳಿದ.

ಹೀಗೆ ಸೋಮವಾರ ನಮ್ಮವರಿಗೆ ಹೊಲದ ಕೆಲಸವಿರಲಿಲ್ಲ. ಗೆಟ್ಟವಾಡಿಯಲ್ಲಿರುವ ನನ್ನ ಅಕ್ಕ ಆ ಬೇಸಿಗೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ವಾರಕ್ಕೊಂದು ದಿನ ಅವಳಿಗೆ ಸ್ನಾನ ಮಾಡಿಸುವ ಸರದಿ ನನ್ನದು. ಬೆಳಿಗ್ಗೆ ಅತ್ತೆಗೆ ಮದ್ದು ಚುಚ್ಚಿ, ಉಷ್ಣಮಾಪಕ ನೋಡಿ, ನಮ್ಮವರ ಸ್ಕೂಟರಿನಲ್ಲಿ ಹೋದರೆ ಬರುವಾಗ ಸಂಜೆ.

ಫ್ರಿಡ್ಜು ಬಂದ ಮೇಲಿನ ಮೊದಲ ಸೋಮವಾರ, ಬಂದು ಬಾಗಿಲು ತೆಗೆದರೆ ಒಳಗೆ ಬೆಚ್ಚಗಿತ್ತು. ಕರೆಂಟು ಹೋಗಿತ್ತೇ ಎಂದು ಕೇಳಿದೆ. ಅತ್ತೆ “ನಂಗೇನ್ ಗೊತ್ತವ್ವ” ಎಂದರು. ಮರುದಿನ ಎಲ್ಲ ಸರಿ. ಮುಂದಿನ ಸೋಮವಾರ ಮತ್ತೆ ಬೆಚ್ಚಗೆ. ಬೆಚ್ಚಗಾದ ಮದ್ದನ್ನು ನಂಬುವುದು ನನ್ನ ಅಭ್ಯಾಸದಲ್ಲಿಲ್ಲ. ಬಾಟಲಿಯನ್ನು ಎಸೆದು ಹೊಸದು ತರಿಸಿದೆ. ರಿಪೇರಿಯವನನ್ನು ಕರೆಸಿದೆ. ಅವನು ಹಿಂದೆ ಮುಂದೆ ನೋಡಿ “ವೋಲ್ಟೇಜ್ ಸರಿ ಇಲ್ಲಕ್ಕ, ಸ್ಟೆಬಿಲೈಸರ್ ಆಕ್ಸಿ” ಎಂದ. ಹಾಕಿಸಿದೆ.

ಮೂರನೆಯ ಸೋಮವಾರ ಸಂಜೆ ಬಂದು ನೋಡಿದರೆ ತಣ್ಣಗಿತ್ತು. ಸ್ಟೆಬಿಲೈಸರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮಂಗಳವಾರ ಬೆಳಿಗ್ಗೆ ಬಾಟಲಿ ತೆಗೆದರೆ ಒಳಗೆ ಮಂಜಿನ ಸೂಜಿಗಳು. ಹೆಪ್ಪುಗಟ್ಟಿದ ಇನ್ಸುಲಿನ್ ನೀರಿಗೆ ಸಮ. ಯಾರೋ ಒಳಗಿನ ತಿರುಗಣಿಯನ್ನು ಕೊನೆಯವರೆಗೆ ತಿರುಗಿಸಿದ್ದರು.

ನಮ್ಮವರು ಊಟಕ್ಕೆ ಕೂತಿದ್ದರು. “ತಣ್ಣೀರು ಬೇಕಾದ್ರ ಮಡಕೇಲಿ ಅದಲ್ಲ! ಇದ್ರ ಕಿವಿ ಯಾಕ್ ತಿರುಗ್ಸಿದ್ರಿ?” ಎಂದೆ.

“ಮಾದಪ್ಪನಾಣೆ, ನಾ ಮುಟ್ಟಿಲ್ಲ ಕಣ.”

“ಮತ್ತಿನ್ಯಾರು, ಹಲ್ಲಿಯಾ?”

ಅತ್ತೆ ತಮ್ಮ ತಟ್ಟೆಯನ್ನೇ ನೋಡುತ್ತಾ ಮುದ್ದೆ ಮುರಿಯುತ್ತಿದ್ದರು. ಅವರು ಇಷ್ಟು ಮೌನವಾಗಿ ಉಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ನನಗೆ ಹೊಳೆಯಲಿಲ್ಲ.

ಆ ವಾರ ಡಾಕ್ಟರು ಕಾಲು ನೋಡಿದರು. ಗಾಯ ಕುಗ್ಗಿರಲಿಲ್ಲ. “ಮದ್ದನ್ನು ಸರಿಯಾಗಿ ಇಡ್ತಾ ಇದ್ದೀರಾ ಸಿಸ್ಟರ್?” ಎಂದು ಕೇಳಿದರು. ಊರಿನ ಅಷ್ಟು ಮಕ್ಕಳ ಲಸಿಕೆ ಕಾಯ್ದ ನನಗೆ ಆ ಪ್ರಶ್ನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ಅತ್ತೆ ಪಟ್ಟಿ ಸುತ್ತಿದ ಕಾಲನ್ನು ಕೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ನೋಡುತ್ತಿದ್ದರು, ಅದು ಇನ್ನೂ ತಮ್ಮದೇ ಎಂದು ಖಾತ್ರಿ ಮಾಡಿಕೊಳ್ಳುವವರಂತೆ.

ಮುಂದಿನ ಸೋಮವಾರ ನಾವು ಎಂದಿನಂತೆ ಹೊರಟೆವು. ಗೆಟ್ಟವಾಡಿಯ ದಾರಿಯಲ್ಲಿ ಎದುರಿಗೆ ಬಂದ ಹಾಲಿನ ವ್ಯಾನಿನವನು ಕೈ ಅಡ್ಡ ಹಿಡಿದ. “ವಾಪಸ್ ಓಗಿ ಅಣ್ಣ. ಮೂರು ಆನ ರೋಡ್ನಲ್ಲೇ ನಿಂತವ. ಮರಿಯೂ ಅದ. ಈಗ್ಲೇ ಸರಿಯಕಿಲ್ಲ.” ತಿರುಗಿ ಮನೆಗೆ ಬಂದೆವು. ಆ ಆನೆಗಳಿಗೆ ನಾನು ಇವತ್ತಿಗೂ ಕೃತಜ್ಞಳು.

ಬಾಗಿಲು ತೆರೆದೇ ಇತ್ತು. ಫ್ರಿಡ್ಜಿನ ಬಾಗಿಲೂ ತೆರೆದಿತ್ತು. ಗೋಡೆಯ ಸ್ವಿಚ್ಚು ಆರಿಸಿತ್ತು. ಸೊಪ್ಪು, ಹುರುಳಿಕಾಯಿ, ಮೊಸರಿನ ಕುಡಿಕೆ ಎಲ್ಲವೂ ಜಗಲಿಯ ಮೇಲೆ. ಅತ್ತೆ ಮಣೆಯ ಮೇಲೆ ಕೂತು, ಗಾಯದ ಕಾಲನ್ನು ಪಕ್ಕಕ್ಕೆ ಚಾಚಿ, ಒದ್ದೆ ಬಟ್ಟೆಯಿಂದ ಫ್ರಿಡ್ಜಿನ ಪಕ್ಕೆಯನ್ನು ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ ಒರೆಸುತ್ತಿದ್ದರು. ಎತ್ತಿನ ಮೈ ತಿಕ್ಕುವ ರೀತಿ. ಬಾಗಿಲಿನ ಮೇಲೆ ಮೂರೆಳೆ ವಿಭೂತಿ.

“ಅತ್ತೆ!” ಎಂದೆ.

ಅವರು ಬೆಚ್ಚಲಿಲ್ಲ. “ಬಂದ್ಯಾ? ಆನ ಅಡ್ಡ ಸಿಕ್ಕುದ್ವಾ?” ಎಂದರು. ಆಮೇಲೆ, ಸಿಕ್ಕಿಬಿದ್ದೆ ಎಂದು ತಿಳಿದ ಮೇಲೆ, ಧ್ವನಿ ಏರಿಸಿದರು. “ಏನು? ಅಗ್ಲೂ ರಾತ್ರೆ ದುಡಿತದ. ನಾನು ಇಲ್ಲಿ ಮಲ್ಗಿ ಕೇಳ್ತಾ ಇಲ್ವಾ? ಏದುಸ್ರು ಬುಡ್ತದ. ಸ್ವಾಮಾರ ಒಂದಿನ ನಿಂತ್ಕಳ್ಲಿ ಅಂತ ಆರುಸ್ದಿ.”

“ಅದು ಮಿಷನ್ನು ಅತ್ತೆ.”

“ಮಿಷನ್ನು ಅಂತ ನಂಗೊತ್ತಿಲ್ವಾ? ಉಲ್ಲು ತಿನ್ನಕಿಲ್ಲ ಅಂತ ಗೊತ್ತು. ದಣಿಯಕಿಲ್ಲ ಅಂತ ನಿಂಗ ಯಾರೇಳುದ್ರು? ನೀನು ಆಸ್ಪತ್ರೇಲಿ ದುಡಿವಾಗ ಬಾನ್ವಾರ ರಜ ತಕ್ಕತಿರ್ನಿಲ್ವಾ?”

ನನ್ನ ಹಿಂದೆ ನಮ್ಮವರು ಕೆಮ್ಮುವವರಂತೆ ನಗುತ್ತಿದ್ದರು. ನನಗೆ ನಗು ಬರಲಿಲ್ಲ. “ಮದ್ದು? ನಿಮ್ಮ ಮದ್ದು ಎಲ್ಲಿ?”

ಅವರು ಜಗಲಿಯ ಮೂಲೆ ತೋರಿಸಿದರು. ಮರಳಿನ ಮಡಕೆ. ಮರಳು ಒದ್ದೆ, ಮೇಲೆ ಒದ್ದೆ ಬಟ್ಟೆ, ನಾನು ಹೂಡಿದಂತೆಯೇ. ಬಾಟಲಿ ತಣ್ಣಗಿತ್ತು. “ನೀ ಮಡಗ್ತಿದ್ದಂಗೇ ಮಡಗಿವ್ನಿ. ವಾರ ವಾರವೂ ಮಡಗ್ದಿ, ನೀವ್ ಬರಾ ಒತ್ಗ ತಿರ್ಗ ಅದ್ರೊಳಕ್ಕೇ ಮಡಗ್ದಿ. ಅಷ್ಟೂ ತಿಳಿಯಕಿಲ್ವಾ ನಂಗ?”

ಹಾಗಾದರೆ ನಾನು ಎಸೆದ ಮದ್ದು ಒಳ್ಳೆಯದೇ ಇತ್ತು. “ಮತ್ತೆ ಅದರ ಕಿವಿ?”

“ನೀ ಬಂದು ಬೆಚ್ಚಗದ ಬೆಚ್ಚಗದ ಅಂತಿದ್ದಲ್ಲ. ಬಿರ್ನ ತಣ್ಣಗಾಗ್ಲಿ ಅಂತ ಕಿವಿ ತಿರುಗ್ಸ್ದಿ. ಮದ್ದ ಒಳಕ್ಕ ತಳ್ಳಿ ಮಡಗ್ದಿ.” ಅದೊಂದೇ ತಪ್ಪು. ಆ ತಪ್ಪಿಗೇ ಮದ್ದು ಹೆಪ್ಪುಗಟ್ಟಿದ್ದು.

ನಾನು ಎಲ್ಲವನ್ನೂ ವಿವರಿಸಿದೆ. ಇನ್ನು ಮೇಲೆ ಸ್ವಿಚ್ಚು ಮುಟ್ಟಕೂಡದು ಎಂದೆ. ಅವರು ತಲೆ ಆಡಿಸಿದರು. ಸಂಜೆ ಚುಚ್ಚುಮದ್ದು ತೆಗೆದುಕೊಂಡು ಹೋದಾಗ ಸೆರಗು ಬಿಗಿಯಾಗಿ ಹೊದ್ದು ಗೋಡೆಯ ಕಡೆ ತಿರುಗಿ ಕೂತಿದ್ದರು.

“ಬ್ಯಾಡ.”

“ಅತ್ತೆ, ಬೆರಳು ಹೋಗ್ತದೆ.”

“ಓಗ್ಲಿ. ಸ್ವಾಮಾರವೂ ನೊಗ ಇಳ್ಸ್ದೆ ದುಡ್ಸಿ ತಂದ ಮದ್ದು ನಂಗ ಬ್ಯಾಡ. ನಮ್ಮ ಮಾವಯ್ಯ ಸ್ವಾಮಾರ ಉತ್ತ ಒಲದ ರಾಗಿ ತಂದ್ರ ಮನೆ ಒಳಕ್ಕ ಬುಡ್ತಿರ್ನಿಲ್ಲ.”

ನಮ್ಮವರು ಬೈದು ನೋಡಿದರು, ಬೇಡಿ ನೋಡಿದರು. ಆಗಲಿಲ್ಲ. ನಾನು ಸೂಜಿ ಹಿಡಿದುಕೊಂಡು ಆ ತಗ್ಗಿನ ಅಂಕಣದಲ್ಲಿ ನಿಂತೆ. ಫ್ರಿಡ್ಜು ಆಗಷ್ಟೇ ಸದ್ದು ನಿಲ್ಲಿಸಿತ್ತು. ನನಗೆ ನಮ್ಮ ಕೊನೆಯ ಜೋಡಿ ನೆನಪಾಯಿತು. ಸೋಮವಾರ ಅವು ಏನು ಮಾಡುತ್ತಿದ್ದವು? ಇಲ್ಲಿಯೇ ನಿಂತಿರುತ್ತಿದ್ದವು. ಬಾಲ ಬೀಸುತ್ತಿದ್ದವು. ಮೆಲುಕು ಹಾಕುತ್ತಿದ್ದವು.

“ಅತ್ತೆ, ಸೋಮವಾರ ಎತ್ತು ಉಸಿರಾಡೋದು ಬಿಡ್ತಿದ್ವಾ?”

ಅವರು ಸೆರಗನ್ನು ಇನ್ನಷ್ಟು ಬಿಗಿದುಕೊಂಡರು.

“ನೊಗ ಇಳಿಸ್ತಿದ್ವಿ. ಗಾಡಿ ಹೂಡ್ತಿರಲಿಲ್ಲ. ಮೈ ತೊಳಿತಿದ್ವಿ. ಆದ್ರೆ ಮೂಗು ಹಿಡಿದು ಉಸಿರು ನಿಲ್ಲಿಸ್ತಿದ್ವಾ? ಇದ್ರದ್ದು ಆ ಗುಂಯ್ ಅನ್ನೋದು ಉಸಿರು. ಸ್ವಿಚ್ಚು ಆರಿಸಿದ್ರೆ ಉಸಿರು ನಿಲ್ಲಿಸ್ದಂಗೆ. ಹೊರೆ ಇಳಿಸೋಣ. ಸೋಮವಾರ ಸೊಪ್ಪಿಲ್ಲ, ಮೊಸರಿಲ್ಲ, ತಣ್ಣೀರಿಲ್ಲ. ಬಾಗಿಲು ತೆಗೆದು ತೊಂದರೆ ಕೊಡೋದಿಲ್ಲ. ನಿಮ್ಮ ಮದ್ದೊಂದು ಇರಲಿ. ಅದೇನು ಭಾರ, ಕೊರಳಗಂಟೆ ಅಷ್ಟು.”

ಅತ್ತೆ ಗೋಡೆಗೇ ಹೇಳುವವರಂತೆ ಹೇಳಿದರು: “ಇವನು ಕದ್ದು ತಣ್ಣೀರು ತಗದ್ರ?”

“ಕೈ ಮುರಿತೀನಿ,” ಎಂದೆ.

“ನನ್ ಕೈಯ್ಯಾ?” ಎಂದರು ನಮ್ಮವರು.

ಅತ್ತೆ ತಿರುಗಿದರು. ಸೆರಗು ಸರಿಸಿದರು. ನಾನು ಮದ್ದು ಚುಚ್ಚಿದೆ.

ಅಂದಿನಿಂದ ಭಾನುವಾರ ಸಂಜೆ ಫ್ರಿಡ್ಜು ಖಾಲಿ. ಉಳಿದ ಮೊಸರು, ತರಕಾರಿ ಸಿದ್ದಮ್ಮನ ಮನೆಗೆ. ಸೋಮವಾರ ಬೆಳಿಗ್ಗೆ ಅವಳು ಹೊಲದ ಬದಿಯ ಸೊಪ್ಪು ಕಿತ್ತು ತರುತ್ತಾಳೆ, ನಮ್ಮ ಸಾರಿಗೆ. “ನಿಮ್ ಪಿರಿಜ್ಜಿನ ಸ್ವಾಮಾರ ನಮ್ಗ ಭಾನ್ವಾರವೇ ಅಬ್ಬ ಕಣಕ್ಕ” ಎಂದು ನಗುತ್ತಾಳೆ. ಬಾಗಿಲು ಮುಚ್ಚಿ, ಬೇರೇನೂ ಇಡದೆ, ಮದ್ದೊಂದನ್ನೇ ಕಾಯುವ ಆ ದಿನದಲ್ಲಿ ನಮ್ಮ ಫ್ರಿಡ್ಜು ನನ್ನ ಹಳೆಯ ಲಸಿಕೆಯ ಫ್ರಿಡ್ಜಿನಂತೆಯೇ ಇರುತ್ತದೆ. ನನ್ನ ನಿಯಮವೂ ಅತ್ತೆಯ ನಿಯಮವೂ ಒಂದೇ ಬಾಗಿಲಿಗೆ ಬಂದು ನಿಂತವು. ನನಗೆ ಸರ್ಕಾರ ಕಲಿಸಿದ್ದನ್ನು ಅವರಿಗೆ ಎತ್ತು ಕಲಿಸಿತ್ತು.

ಮೇ ಕೊನೆಯಲ್ಲಿ ಗಾಯದ ಅಂಚು ಒಳಕ್ಕೆ ಸರಿಯತೊಡಗಿತು. ಡಾಕ್ಟರು ಈ ಬಾರಿ ಪ್ರಶ್ನೆ ಕೇಳಲಿಲ್ಲ; ಬೆರಳನ್ನು ಒತ್ತಿ ನೋಡಿ “ಇದು ಉಳೀತು” ಎಂದರು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಜಗಲಿ ಖಾಲಿಯಿತ್ತು. ಹೊರಗೆ ಹೋಗಿ ನೋಡಿದೆ. ಅತ್ತೆ ಚಪ್ಪಲಿ ಹಾಕಿಕೊಂಡು, ಅದು ನನ್ನ ಷರತ್ತು, ಒದ್ದೆ ಬದುವಿನ ಮೇಲೆ ಹೆಜ್ಜೆ ಹೆಜ್ಜೆಗೂ ಹೆಬ್ಬೆರಳು ಒತ್ತಿ ನಡೆಯುತ್ತಿದ್ದರು. ನಾನು ಕರೆಯಲಿಲ್ಲ. ಹಾಲು ಉಕ್ಕಿತು. ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕಿದ್ದು ಅದೊಂದೇ ಸಲ ಇರಬೇಕು.

ಇವತ್ತಿನ ಸೋಮವಾರಕ್ಕೆ ಮರಳುತ್ತೇನೆ. ಕಂಬ ನಿಲ್ಲಿಸಿ ತಂತಿ ಎಳೆದು ಮುಗಿಸುವಾಗ ಸಂಜೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಅಂಕಣದಲ್ಲಿ ಗುಂಯ್ ಎಂದಿತು.

“ಎದ್ದ ನೋಡು,” ಎಂದರು ಅತ್ತೆ.

ಒಳಗೆ ಸರಿಯಾಗಿ ತಣಿಯಲಿ ಎಂದು ಕಾದೆ. ಅಷ್ಟರಲ್ಲಿ ಬಿಸಿನೀರು ತಂದು, ದಿನವೂ ಮಾಡುವಂತೆ, ಅವರ ಎರಡೂ ಪಾದ ತೊಳೆದೆ. ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ ದೀಪದ ಬೆಳಕಿಗೆ ಹಿಡಿದು ನೋಡಿದೆ. ಹೆಬ್ಬೆರಳ ಕಲೆ ರಾಗಿಕಾಳಿನಷ್ಟು. ಎಲ್ಲ ಬೆರಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಮದ್ದು ಚುಚ್ಚಿದೆ. ಅತ್ತೆ ಮಲಗಲು ಹೋಗುವ ಮುನ್ನ ಫ್ರಿಡ್ಜಿನ ಪಕ್ಕೆಯ ಮೇಲೆ ಅಂಗೈ ಇಟ್ಟು, ಎತ್ತಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿದರು.

“ನಾಳಿಕ ಒಂದೇ ಸಲ ಎಲ್ಲ ಅದ್ರ ಮ್ಯಾಲ ಏರ್ಬ್ಯಾಡ ಕಣವ್ವ.”

“ಇಲ್ಲ ಅತ್ತೆ. ಮೊದಲು ಮೊಸರು ಮಾತ್ರ.”

ಉಷ್ಣಮಾಪಕ ನೋಡಿದೆ, ಸರಿಯಾಗಿತ್ತು. ಮರಳಿನ ಮಡಕೆಯಿಂದ ಬಾಟಲಿ ತೆಗೆದು ಒರೆಸಿ, ನಡುವಿನ ಹಲಗೆಯ ಮೇಲೆ ಇಟ್ಟೆ. ಬಾಗಿಲು ಮುಚ್ಚಿದೆ.